ಸಾಲಿನಲ್ಲಿ ನಿಂತವರು: ಶುದ್ಧ ಇಂಧನ ಮತ್ತು ಸಮಾಜದ ಹೊಣೆ





2001 ಮತ್ತು 2002ರಲ್ಲಿ ದೆಹಲಿಯಲ್ಲಿ ನೆಲೆಸಿದ್ದ ಕುಟುಂಬಗಳು ಒಂದು ದೃಶ್ಯವನ್ನು ಮರೆತಿರಲಾರವು. ಸಿಎನ್‌ಜಿ ಬಂಕುಗಳ ಮುಂದೆ ಹಸಿರು-ಹಳದಿ ಬಣ್ಣದ ಆಟೋಗಳ ಸಾಲು. ಬಂಕಿನ ಬಾಗಿಲಿನಿಂದ ಹೊರಟ ಆ ಸಾಲು ರಸ್ತೆಯ ತಿರುವನ್ನು ದಾಟಿ ಮುಂದಿನ ವೃತ್ತದವರೆಗೂ ಬೆಳೆಯುತ್ತಿತ್ತು. ಚಾಲಕರು ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿ ರಾತ್ರಿ ಕಳೆಯುತ್ತಿದ್ದರು. ಸಾಲು ಎರಡು ಗಾಡಿಯಷ್ಟು ಮುಂದೆ ಸರಿದರೆ ಎದ್ದು, ಗಾಡಿಯನ್ನು ಕೈಯಿಂದ ತಳ್ಳಿ, ಮತ್ತೆ ಮಲಗುತ್ತಿದ್ದರು. ಹೀಗೆ ಕಾದು ಪಡೆದ ಅನಿಲದಿಂದ ಒಂದು ದಿನದ ದುಡಿಮೆ ಸಾಗಬೇಕಿತ್ತು. ಕಾದ ಹೊತ್ತಿಗೆ ಬಾಡಿಗೆಯಿರಲಿಲ್ಲ. ಗಾಡಿಯ ಮಾಲೀಕನಿಗೆ ಕೊಡಬೇಕಾದ ದಿನದ ಹಣಕ್ಕೆ ಮಾತ್ರ ರಿಯಾಯಿತಿ ಇರಲಿಲ್ಲ.

ಶುದ್ಧ ಇಂಧನದ ಚರ್ಚೆಯನ್ನು ನ್ಯಾಯಾಲಯದ ತೀರ್ಪಿನಿಂದಲೋ ಸರ್ಕಾರದ ಯೋಜನೆಯಿಂದಲೋ ಆರಂಭಿಸುವುದು ರೂಢಿ. ಇಂದಿನ ಮಾತು ಆ ಸಾಲಿನಿಂದ ಆರಂಭವಾಗುವುದಕ್ಕೆ ಕಾರಣವಿದೆ. ಇಂಧನ ಬದಲಾಗಬೇಕಾದರೆ ನಾಲ್ಕು ಸಂಗತಿಗಳು ಒಟ್ಟಿಗೆ ಚಲಿಸಬೇಕು: ಇಂಧನ, ಅದನ್ನು ಬಳಸುವ ವಾಹನ, ಅದನ್ನು ತುಂಬಿಸುವ ತಾಣ ಮತ್ತು ಇವೆಲ್ಲಕ್ಕೂ ಬೇಕಾದ ಹಣ. ಈ ನಾಲ್ಕರಲ್ಲಿ ಒಂದು ಹಿಂದುಳಿದರೆ ಆ ಅಂತರದ ಬೆಲೆಯನ್ನು ಯಾರಾದರೂ ತೆರಲೇಬೇಕು. ದೆಹಲಿಯಲ್ಲಿ ಅದನ್ನು ತೆತ್ತವರು ಸಾಲಿನಲ್ಲಿ ನಿಂತವರು. ಈ ಅಂತರವನ್ನು ತುಂಬುವುದು ಒಬ್ಬ ವ್ಯಕ್ತಿಯಿಂದ ಆಗದು, ಸರ್ಕಾರವೊಂದರಿಂದಲೂ ಆಗಲಿಲ್ಲ. ಹಲವರು ಕೂಡಿ ಕಟ್ಟುವ ಒಕ್ಕೂಟಕ್ಕೆ ಕೆಲಸವಿರುವುದು ಇಲ್ಲಿಯೇ.

ಮೊದಲು ದೆಹಲಿಯ ಇತಿಹಾಸವನ್ನು ಸಂಕ್ಷೇಪವಾಗಿ ನೆನೆಯಬೇಕು. ವಕೀಲ ಎಂ.ಸಿ. ಮೆಹ್ತಾ ಅವರು ರಾಜಧಾನಿಯ ವಾಹನಗಳ ಹೊಗೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದ್ದು 1985ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಆದೇಶಗಳು ಬಂದವು, ವರದಿಗಳು ಬಂದವು, ಹೊಗೆ ಕಡಿಮೆಯಾಗಲಿಲ್ಲ. 1996ರಲ್ಲಿ ಅನಿಲ್ ಅಗರ್‌ವಾಲ್ ಅವರ ನೇತೃತ್ವದ ವಿಜ್ಞಾನ ಮತ್ತು ಪರಿಸರ ಕೇಂದ್ರವು ವಾಹನ ಮಾಲಿನ್ಯವನ್ನು 'ನಿಧಾನಗತಿಯ ಕೊಲೆ' ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ವಿವರಿಸಿತು. ಕಳಪೆ ಇಂಧನ, ಹಳೆಯ ಎಂಜಿನ್, ಸಡಿಲವಾದ ಮಾನದಂಡ ಮತ್ತು ಕೆಟ್ಟ ಯೋಜನೆ ಇವೆಲ್ಲ ಕೂಡಿಯೇ ಹೊಗೆಯಾಗುತ್ತದೆ ಎಂಬುದು ಆ ಪುಸ್ತಕದ ತಿರುಳು. ಹೊಗೆಗೆ ಚಾಲಕನನ್ನಷ್ಟೇ ದೂರುವ ಅಭ್ಯಾಸಕ್ಕೆ ಅದು ಉತ್ತರವಾಗಿತ್ತು.

1998ರ ಜನವರಿಯಲ್ಲಿ ಭೂರೇ ಲಾಲ್ ಅವರ ಅಧ್ಯಕ್ಷತೆಯಲ್ಲಿ ಪರಿಸರ ಮಾಲಿನ್ಯ ತಡೆ ಮತ್ತು ನಿಯಂತ್ರಣ ಪ್ರಾಧಿಕಾರ ರಚನೆಯಾಯಿತು. ಅದರ ಶಿಫಾರಸುಗಳನ್ನು ಆಧರಿಸಿ ಅದೇ ವರ್ಷದ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯ ಮಹತ್ವದ ಆದೇಶ ನೀಡಿತು. 2001ರ ಮಾರ್ಚ್ 31ರೊಳಗೆ ನಗರದ ಎಲ್ಲ ಬಸ್ಸುಗಳೂ ಸಿಎನ್‌ಜಿಗೆ ಬದಲಾಗಬೇಕು. 1990ಕ್ಕಿಂತ ಹಳೆಯ ಆಟೋ ಮತ್ತು ಟ್ಯಾಕ್ಸಿಗಳ ಬದಲಿಗೆ ಶುದ್ಧ ಇಂಧನದ ಹೊಸ ವಾಹನಗಳು ಬರಬೇಕು. ಅನಿಲ ತುಂಬುವ ಕೇಂದ್ರಗಳ ಸಂಖ್ಯೆ 9ರಿಂದ 80ಕ್ಕೆ ಏರಬೇಕು. ಬಸ್ಸುಗಳ ಸಂಖ್ಯೆ 10,000ಕ್ಕೆ ಹೆಚ್ಚಬೇಕು. ಇಂಧನ, ವಾಹನ, ತಾಣ ಮೂರನ್ನೂ ಒಂದೇ ಆದೇಶದಲ್ಲಿ ಜೋಡಿಸಿದ ದೂರದೃಷ್ಟಿ ಅಲ್ಲಿತ್ತು. ಅನಿಲ ಪೂರೈಕೆಗಾಗಿ ಇಂದ್ರಪ್ರಸ್ಥ ಗ್ಯಾಸ್ ಲಿಮಿಟೆಡ್ ಎಂಬ ಸಂಸ್ಥೆಯೂ ಅದೇ ವರ್ಷ ಸ್ಥಾಪನೆಯಾಯಿತು.

ಆದೇಶದಲ್ಲಿ ಜೋಡಿಸಿದ್ದು ಆಚರಣೆಯಲ್ಲಿ ಚದುರಿತು. ಕೇಂದ್ರ ಸರ್ಕಾರದಲ್ಲಿ ಒಂದು ಪಕ್ಷ, ದೆಹಲಿ ಸರ್ಕಾರದಲ್ಲಿ ಇನ್ನೊಂದು ಪಕ್ಷ. ಅನಿಲ ಸಾಲದೆಂದು ಒಬ್ಬರು, ಬೇಡಿಕೆಯೇ ಇಲ್ಲವೆಂದು ಮತ್ತೊಬ್ಬರು. ಬಂಕುಗಳಿಲ್ಲದೆ ಬಸ್ಸು ಕೊಳ್ಳುವುದು ಹೇಗೆಂದು ಬಸ್ಸಿನವರು ಕೇಳಿದರೆ, ಬಸ್ಸುಗಳೇ ಇಲ್ಲದೆ ಬಂಕು ತೆರೆಯುವುದು ಹೇಗೆಂದು ಬಂಕಿನವರು ಕೇಳಿದರು. ಗಡುವು ಸಮೀಪಿಸುವವರೆಗೂ ಅದು ಮುಂದೂಡಲ್ಪಡುತ್ತದೆ ಎಂಬ ನಂಬಿಕೆಯಲ್ಲಿ ಎಲ್ಲರೂ ಕಾಲ ತಳ್ಳಿದರು. 2001ರ ಏಪ್ರಿಲ್ ಆರಂಭದಲ್ಲಿ ಹಳೆಯ ಬಸ್ಸುಗಳು ರಸ್ತೆಯಿಂದ ಹಿಂದೆ ಸರಿದಾಗ ಹೊಸ ಬಸ್ಸುಗಳು ಸಾಕಷ್ಟಿರಲಿಲ್ಲ. ಶಾಲೆಯ ಮಕ್ಕಳೂ ಕಚೇರಿಯ ನೌಕರರೂ ನಿಲ್ದಾಣಗಳಲ್ಲಿ ಪರದಾಡಿದರು. ಇಂಧನವನ್ನು ನಿರ್ದೇಶಿಸಬಾರದು, ಹೊಗೆಯ ಮಾನದಂಡವನ್ನಷ್ಟೇ ನಿಗದಿಪಡಿಸಬೇಕು ಎಂಬ ವಾದ ಬಲ ಪಡೆಯಿತು. ಆರ್.ಎ. ಮಶೇಲ್ಕರ್ ಅವರ ನೇತೃತ್ವದ ಸಮಿತಿ ಅಂಥದೇ ನಿಲುವು ತಳೆಯಿತು. ತಾತ್ವಿಕವಾಗಿ ಆ ವಾದದಲ್ಲಿ ಹುರುಳಿತ್ತು. ಆದರೆ ಕಲಬೆರಕೆ ಡೀಸೆಲ್ ಸುಲಭವಾಗಿ ದೊರೆಯುವ ನಗರದಲ್ಲಿ, ಪ್ರತಿ ಬಸ್ಸಿನ ಹೊಗೆಯನ್ನೂ ಪ್ರಾಮಾಣಿಕವಾಗಿ ಅಳೆಯುವವರು ಯಾರು ಎಂಬ ಪ್ರಶ್ನೆ ಉಳಿದೇ ಇತ್ತು.

2002ರ ಏಪ್ರಿಲ್ 5ರಂದು ನ್ಯಾಯಾಲಯದ ತಾಳ್ಮೆ ಮುಗಿಯಿತು. ಓಡುವ ಪ್ರತಿ ಡೀಸೆಲ್ ಬಸ್ಸಿಗೆ ಮೊದಲ 30 ದಿನ ದಿನಕ್ಕೆ 500 ರೂಪಾಯಿ, ಆಮೇಲೆ ದಿನಕ್ಕೆ 1,000 ರೂಪಾಯಿ ದಂಡ ವಿಧಿಸಲಾಯಿತು. ಮೇ 1ರಿಂದ ತಿಂಗಳಿಗೆ 800 ಡೀಸೆಲ್ ಬಸ್ಸುಗಳನ್ನು ಹಿಂತೆಗೆಯಬೇಕೆಂದೂ, ಲಭ್ಯವಿರುವ ಅನಿಲದಲ್ಲಿ ಸಾರಿಗೆಗೆ ಆದ್ಯತೆ ಸಲ್ಲಬೇಕೆಂದೂ ಆದೇಶವಾಯಿತು. ಕೇಂದ್ರ ಸರ್ಕಾರದ ಮೇಲೆಯೇ 20,000 ರೂಪಾಯಿ ವೆಚ್ಚ ಹೇರಲಾಯಿತು. 2002ರ ಡಿಸೆಂಬರ್ ಹೊತ್ತಿಗೆ ನಗರದ ಡೀಸೆಲ್ ಬಸ್ಸುಗಳು ಮರೆಯಾದವು. ಅದೇ ತಿಂಗಳು ಶಾಹದರಾ ಮತ್ತು ತೀಸ್ ಹಜಾರಿ ನಡುವೆ ದೆಹಲಿ ಮೆಟ್ರೋದ ಮೊದಲ ರೈಲು ಓಡಿತು. ಜಗತ್ತಿನಲ್ಲೇ ದೊಡ್ಡದೆನಿಸಿದ ಸಿಎನ್‌ಜಿ ಬಸ್ಸುಗಳ ಪಡೆ ಹೀಗೆ ರೂಪುಗೊಂಡಿತು. ಬಸ್ಸಿನ ಹಿಂದೆ ನಿಂತವರ ಮುಖಕ್ಕೆ ರಾಚುತ್ತಿದ್ದ ಕಪ್ಪು ಮಸಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಈ ಗೆಲುವಿನ ಲೆಕ್ಕದಲ್ಲಿ ಆಟೋ ಚಾಲಕನ ಪಾಲನ್ನೂ ಬರೆಯಬೇಕು. 1997ರ ಡಿಸೆಂಬರ್‌ನಲ್ಲಿಯೇ ನ್ಯಾಯಾಲಯ ದೆಹಲಿಯ ಆಟೋಗಳ ಸಂಖ್ಯೆಗೆ ಮಿತಿ ಹಾಕಿತ್ತು. ಹೊಸ ಪರವಾನಗಿ ಸಿಗದಾದಾಗ ಹಳೆಯ ಪರವಾನಗಿಯ ಬೆಲೆ ಏರಿತು. ಅದರ ಮೇಲೆ ಸಿಎನ್‌ಜಿಯ ಹೊಸ ಗಾಡಿ ಕೊಳ್ಳಲೇಬೇಕಾದ ಅನಿವಾರ್ಯತೆ. ಬ್ಯಾಂಕು ಸಾಲ ಕೊಡದವರಿಗೆ ಖಾಸಗಿ ಲೇವಾದೇವಿಗಾರರೇ ಗತಿಯಾದರು. ಸ್ವಂತ ಗಾಡಿಯಿದ್ದ ಅನೇಕರು ಸಾಲ ತೀರಿಸಲಾಗದೆ ಬಾಡಿಗೆ ಗಾಡಿಯ ಚಾಲಕರಾದರು. ಆಟೋಗಳ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಲು ಒಪ್ಪಿಗೆ ದೊರೆತದ್ದು 2011ರಲ್ಲಿ. ನಗರಕ್ಕೆ ಶುದ್ಧ ಗಾಳಿ ಬೇಕೆಂದು ಕೇಳಿದ್ದು ನ್ಯಾಯವೇ. ಅದರ ಸಾಲದ ಕಂತನ್ನು ಅತಿ ಕಡಿಮೆ ದುಡಿಯುವವನ ಹೆಗಲಿಗೆ ಏರಿಸಿದ್ದು ನ್ಯಾಯವಾಗಿರಲಿಲ್ಲ. ಆತನಿಗೆ ನ್ಯಾಯವಾದ ಬಡ್ಡಿಯಲ್ಲಿ ಸಾಲ ಕೊಡಿಸಲು ಅಂದು ಯಾವ ಸಂಘವೂ ದೊಡ್ಡ ಪ್ರಮಾಣದಲ್ಲಿ ಮುಂದೆ ಬರಲಿಲ್ಲ.

ಎರಡನೆಯ ಪಾಠವೂ ಇದೆ. ಗಾಳಿಯಲ್ಲಿ ಆದ ಲಾಭ ಉಳಿಯಲಿಲ್ಲ. ಪ್ರತಿ ಬಸ್ಸಿನ ಹೊಗೆ ಕಡಿಮೆಯಾಯಿತು. ಆದರೆ ಕಾರುಗಳೂ ದ್ವಿಚಕ್ರ ವಾಹನಗಳೂ ಏರುತ್ತ ಹೋದವು. 2017ರ ವೇಳೆಗೆ ದೆಹಲಿಯಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು. ನ್ಯಾಯಾಲಯ ಹೇಳಿದ್ದ ಹತ್ತು ಸಾವಿರ ಬಸ್ಸುಗಳನ್ನು ನಗರದ ಸರ್ಕಾರಿ ಸಾರಿಗೆ ಎರಡು ದಶಕಗಳ ನಂತರವೂ ಮುಟ್ಟಿರಲಿಲ್ಲ. ಕಟ್ಟಡದ ಧೂಳು, ಕಾರ್ಖಾನೆ, ಕಸದ ಬೆಂಕಿ, ಚಳಿಗಾಲದ ಹೊಲದ ಬೆಂಕಿ ಇವೂ ಕೂಡಿಕೊಂಡವು. 2016ರ ನವೆಂಬರ್‌ನ ದಟ್ಟ ಹೊಗೆಮಂಜಿನಲ್ಲಿ ಶಾಲೆಗಳನ್ನೇ ಮುಚ್ಚಬೇಕಾಯಿತು. ಆದೇಶದ ಒಂದು ಅರ್ಧ, ಅಂದರೆ ಇಂಧನದ ಬದಲಾವಣೆ, ಜಾರಿಯಾಯಿತು. ಇನ್ನೊಂದು ಅರ್ಧ, ಅಂದರೆ ಜನರು ಕಾರಿಲ್ಲದೆ ಓಡಾಡಲು ಬೇಕಾದಷ್ಟು ಬಸ್ಸು, ಜಾರಿಯಾಗಲಿಲ್ಲ. ಕಾರನ್ನು ಬದಲಾಯಿಸುವುದಕ್ಕಿಂತ ಕಾರಿನ ಅಗತ್ಯವನ್ನು ತಗ್ಗಿಸುವುದು ರಾಜಕೀಯವಾಗಿ ಕಷ್ಟದ ಕೆಲಸ. ಕಾರು ಕೊಂಡವನು ಮತದಾರನೂ ಹೌದು, ತೆರಿಗೆದಾರನೂ ಹೌದು. ಬಸ್ಸಿಗೆ ಕಾದವನ ದನಿ ಸದನ ಮುಟ್ಟುವುದು ಅಪರೂಪ.

ಮುಂಬಯಿಯ ಅನುಭವದಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಅಲ್ಲಿ 1999ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದ್ದು 'ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ', ಅಂದರೆ ಹೊಗೆಯಿಂದ ನೊಂದ ನಿವಾಸಿಗಳ ವೇದಿಕೆ. ಅದು ರಾಜಕೀಯ ಪಕ್ಷವಲ್ಲ, ದೊಡ್ಡ ಸಂಸ್ಥೆಯೂ ಅಲ್ಲ. ಮನೆಯ ಕಿಟಕಿಯ ಸರಳಿಗೆ ಅಂಟಿದ ಮಸಿಯನ್ನು ಒರೆಸಿ ಬೇಸತ್ತವರ ಕೂಟ. ಅವರ ಅರ್ಜಿಯ ಫಲವಾಗಿ ವಿ.ಎಂ. ಲಾಲ್ ಅವರ ಸಮಿತಿ ರಚನೆಯಾಯಿತು. ಮುಂದೆ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿ ಅಥವಾ ಎಲ್‌ಪಿಜಿಗೆ ಬದಲಾಗಬೇಕಾದ ಸ್ಥಿತಿ ಬಂತು. ನೆರೆಹೊರೆಯವರು ಒಂದು ಕಾಗದಕ್ಕೆ ಸಹಿ ಹಾಕಿದರೆ ಒಂದು ಮಹಾನಗರದ ಟ್ಯಾಕ್ಸಿಗಳ ಇಂಧನವೇ ಬದಲಾಗಬಹುದೆಂಬುದಕ್ಕೆ ಇದು ಸಾಕ್ಷಿ.

ನ್ಯಾಯಾಲಯವನ್ನು ಆಶ್ರಯಿಸದೆ ಇದೇ ಕೆಲಸವನ್ನು ಮಾಡುವ ಮತ್ತೊಂದು ಮಾರ್ಗ ಅಮೆರಿಕದಲ್ಲಿ ರೂಪುಗೊಂಡಿತು. ಅಲ್ಲಿನ ಇಂಧನ ಇಲಾಖೆ 1993ರಲ್ಲಿ 'ಕ್ಲೀನ್ ಸಿಟೀಸ್' ಎಂಬ ಕಾರ್ಯಕ್ರಮ ಆರಂಭಿಸಿತು. ಅದರ ಮೊದಲ ಒಕ್ಕೂಟ ಅಟ್ಲಾಂಟಾ ನಗರದ್ದು. ಮುಂದೆ ಇಂಥ ಒಕ್ಕೂಟಗಳ ಸಂಖ್ಯೆ ಎಪ್ಪತ್ತನ್ನು ಮೀರಿತು. ನಗರಸಭೆ, ಇಂಧನ ಕಂಪನಿ, ವಾಹನ ಮಾರಾಟಗಾರ, ಶಾಲಾ ಬಸ್ಸಿನವರು, ಅಂಚೆ ಮತ್ತು ಸರಕು ಸಾಗಣೆಯವರು ಒಂದೇ ಮೇಜಿನ ಸುತ್ತ ಕೂಡುತ್ತಾರೆ. ಯಾರು ಎಷ್ಟು ವಾಹನ ಕೊಳ್ಳುವರೆಂಬ ಮಾತು ಮೊದಲು ಸಿಗುತ್ತದೆ. ಆ ಮಾತನ್ನು ನಂಬಿ ಇಂಧನದವರು ಕೇಂದ್ರ ತೆರೆಯುತ್ತಾರೆ. ಬಂಕು ಮೊದಲೋ ಬಸ್ಸು ಮೊದಲೋ ಎಂಬ ದೆಹಲಿಯ ಜಗಳಕ್ಕೆ ಇದೇ ಮದ್ದು.

ಆ ಒಕ್ಕೂಟಗಳು ಕಂಡುಕೊಂಡ ಒಂದು ವ್ಯವಹಾರಜ್ಞಾನ ಗಮನಾರ್ಹ. ಬಿಡಿ ಕುಟುಂಬದ ಕಾರಿಗಿಂತ ಗುಂಪು ವಾಹನಗಳತ್ತ ಮೊದಲು ಗಮನ ಕೊಡಬೇಕು ಎಂಬುದೇ ಅದು. ಶಾಲೆಯ ಬಸ್ಸು ದಿನವೂ ಅದೇ ದಾರಿಯಲ್ಲಿ ಓಡುತ್ತದೆ, ರಾತ್ರಿ ಅದೇ ಶೆಡ್ಡಿಗೆ ಮರಳುತ್ತದೆ. ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಮೊದಲೇ ಗೊತ್ತಿರುತ್ತದೆ. ಇಪ್ಪತ್ತು ಬಸ್ಸಿಗೆ ಒಂದೇ ತಾಣ ಸಾಕು. ಒಂದು ಬಸ್ಸು ವರ್ಷಕ್ಕೆ ಸುಡುವ ಇಂಧನ ಹಲವು ಕುಟುಂಬಗಳ ಕಾರುಗಳು ಸುಡುವುದಕ್ಕಿಂತ ಹೆಚ್ಚು. ಆದ್ದರಿಂದ ಕಡಿಮೆ ಜನರ ಒಪ್ಪಿಗೆಯಿಂದ ಹೆಚ್ಚು ಹೊಗೆ ತಗ್ಗುತ್ತದೆ.

ಈಗ ಇಂದಿನ ಸ್ಥಿತಿಯನ್ನು ನೋಡಬಹುದು. ಅಂದಿನ ಸಿಎನ್‌ಜಿಯ ಸ್ಥಾನಕ್ಕೆ ಇಂದು ವಿದ್ಯುತ್ ವಾಹನ ಬಂದಿದೆ. ಕರ್ನಾಟಕವು 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯವಾಯಿತು. ದೆಹಲಿಯ ನೀತಿ 2020ರ ಆಗಸ್ಟ್‌ನಲ್ಲಿ ಬಂತು. 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಕಾಗದದ ಮೇಲೆ ದಾರಿ ಸುಗಮವಾಗಿದೆ.

ಆ ದಾರಿ ನಿಲ್ಲುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ ಯಾವ ನಗರವಾದರೂ ಕಥೆ ಒಂದೇ ಬಗೆಯದು. ಒಬ್ಬ ನಿವಾಸಿ ತನ್ನ ಪಾರ್ಕಿಂಗ್ ಜಾಗದಲ್ಲಿ ಚಾರ್ಜಿಂಗ್ ಪ್ಲಗ್ಗು ಹಾಕಿಸಲು ಅನುಮತಿ ಕೇಳುತ್ತಾನೆ. ಕಾರ್ಯದರ್ಶಿ ಮುಂದಿನ ಸಭೆಗೆ ಇಡುತ್ತೇನೆ ಎನ್ನುತ್ತಾರೆ. ಸಭೆಯಲ್ಲಿ ಒಬ್ಬರು ಬೆಂಕಿಯ ಭಯ ಹೇಳುತ್ತಾರೆ. ಇನ್ನೊಬ್ಬರು ಸಾಮಾನ್ಯ ಮೀಟರಿನ ಬಿಲ್ಲು ಯಾರು ಕಟ್ಟುವುದೆನ್ನುತ್ತಾರೆ. ಮತ್ತೊಬ್ಬರು ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆನ್ನುತ್ತಾರೆ. ವಿಷಯ ಮುಂದೂಡಲ್ಪಡುತ್ತದೆ. ಆ ನಿವಾಸಿ ಮತ್ತೆ ಪೆಟ್ರೋಲ್ ಕಾರನ್ನೇ ಕೊಳ್ಳುತ್ತಾನೆ. ಅಂದು ಎರಡು ಸರ್ಕಾರಗಳ ನಡುವೆ ನಡೆದ ಜಗಳವೇ ಇಂದು ಸೊಸೈಟಿಯ ಸಭೆಯಲ್ಲಿ ನಡೆಯುತ್ತಿದೆ.

ಎತ್ತಿದ ಸಂಶಯಗಳು ಪೊಳ್ಳೆಂದು ತಳ್ಳಿಹಾಕುವಂಥವಲ್ಲ. ಅವುಗಳಿಗೆ ಲೆಕ್ಕದ ಉತ್ತರ ಬೇಕು. ಸಾಮಾನ್ಯ 16 ಆಂಪಿಯರ್ ಪ್ಲಗ್ಗಿನಿಂದ ಸುಮಾರು 3 ಕಿಲೋವಾಟ್ ವಿದ್ಯುತ್ ಪಡೆಯಬಹುದು. ರಾತ್ರಿ 8 ಗಂಟೆ ಚಾರ್ಜ್ ಮಾಡಿದರೆ 24 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 6 ಕಿಲೋಮೀಟರ್ ಎಂದು ಹಿಡಿದರೂ ಸಣ್ಣ ಕಾರಿಗೆ ಅದು 140 ಕಿಲೋಮೀಟರಿಗೂ ಮೀರಿದ ಓಡಾಟ. ನಗರದ ದಿನದ ಅಗತ್ಯಕ್ಕೆ ಇದು ಬೇಕಾದಷ್ಟು. ಆದರೆ ಇಪ್ಪತ್ತು ಕಾರುಗಳು ಒಂದೇ ಹೊತ್ತಿಗೆ ಪ್ಲಗ್ಗಿಗೆ ಕೂತರೆ 60 ಕಿಲೋವಾಟ್ ಬೇಕು. ಹಳೆಯ ಕಟ್ಟಡದ ಮಂಜೂರಾದ ಲೋಡು ಅದನ್ನು ತಾಳದು. ಆದ್ದರಿಂದ ಬಿಡಿಬಿಡಿಯಾಗಿ ತಂತಿ ಎಳೆಯುವುದೇ ಅಪಾಯ. ಇಡೀ ಕಟ್ಟಡಕ್ಕೆ ಒಂದೇ ಯೋಜನೆ, ಪ್ರತಿ ಜಾಗಕ್ಕೂ ಉಪಮೀಟರ್, ಸರದಿಯ ಮೇಲೆ ಚಾರ್ಜ್ ಆಗುವ ವ್ಯವಸ್ಥೆ, ಸರಿಯಾದ ಭೂಸಂಪರ್ಕ ಮತ್ತು ಅರ್ಹ ಎಲೆಕ್ಟ್ರಿಷಿಯನ್ ಇದ್ದರೆ ಭಯಕ್ಕೂ ಬಿಲ್ಲಿಗೂ ಒಟ್ಟಿಗೆ ಪರಿಹಾರ ಸಿಗುತ್ತದೆ. ನಾಳೆ ಎಲ್ಲರೂ ಕೇಳುತ್ತಾರೆ ಎಂಬ ಆಕ್ಷೇಪಕ್ಕೆ, ಎಲ್ಲರೂ ಕೇಳಲಿ ಎಂಬ ಸಿದ್ಧತೆಯೇ ಉತ್ತರ. ಹೊಸ ಕಟ್ಟಡಗಳಲ್ಲಿ ಪಾರ್ಕಿಂಗ್ ಜಾಗದ ಶೇಕಡ 20ರಷ್ಟಕ್ಕೆ ಚಾರ್ಜಿಂಗ್ ಅನುಕೂಲ ಇರಬೇಕೆಂದು 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ನಿಯಮಗಳಲ್ಲಿ ಸೇರಿಸಲಾಗಿದೆ. ಹಳೆಯ ಕಟ್ಟಡಗಳಿಗೆ ನೆರೆಹೊರೆಯವರ ಒಪ್ಪಿಗೆಯೇ ನಿಯಮ.

ಇನ್ನೊಂದು ಸತ್ಯವನ್ನೂ ನೆನಪಿಡಬೇಕು. ದೆಹಲಿಯ ಬೀದಿಗಳಿಗೆ ವಿದ್ಯುತ್ ವಾಹನವನ್ನು ಮೊದಲು ದೊಡ್ಡ ಸಂಖ್ಯೆಯಲ್ಲಿ ತಂದವರು ಸಿರಿವಂತರಲ್ಲ, ಇ-ರಿಕ್ಷಾದವರು. ನೀತಿಯಿಲ್ಲದೆ, ಸಹಾಯಧನವಿಲ್ಲದೆ, ಶೆಡ್ಡಿನ ಮೂಲೆಯಲ್ಲಿ ಬಾಡಿಗೆಗೆ ಸಿಕ್ಕ ಪ್ಲಗ್ಗಿನಿಂದ ಸೀಸದ ಬ್ಯಾಟರಿ ತುಂಬಿಸಿಕೊಂಡು ಅವರು ಮೆಟ್ರೋ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಮೈಲಿಯನ್ನು ಸಾಗಿಸಿದರು. 2014ರಲ್ಲಿ ಅವರ ಮೇಲೆ ನ್ಯಾಯಾಲಯದ ನಿಷೇಧ ಬಂತು. 2015ರಲ್ಲಿ ಕಾನೂನು ತಿದ್ದಿದ ಮೇಲೆಯೇ ಅವರಿಗೆ ಮಾನ್ಯತೆ ದೊರೆಯಿತು. ಬಡವನ ವಿದ್ಯುತ್ ಗಾಡಿ ಸಮಸ್ಯೆಯೆನಿಸಿ, ಸಿರಿವಂತನ ವಿದ್ಯುತ್ ಕಾರು ಪರಿಹಾರವೆನಿಸುವ ನೋಟದಲ್ಲಿಯೇ ದೋಷವಿದೆ.

ಹೀಗಿರುವಾಗ ಪರನಾಡಿನಲ್ಲಿ ನೆಲೆಸಿದ ಕನ್ನಡ ಜೈನ ಸಮಾಜ ಏನು ಮಾಡಬಹುದು? ಈ ಸಮಾಜದ ಸಂಖ್ಯೆ ಯಾವ ನಗರದಲ್ಲೂ ದೊಡ್ಡದಲ್ಲ. ಆದರೆ ಅದರ ಕೈಯಲ್ಲಿ ಒಕ್ಕೂಟಕ್ಕೆ ಬೇಕಾದ ಸಾಧನಗಳಿವೆ. ಬಸದಿಯ ಟ್ರಸ್ಟು, ವಿದ್ಯಾರ್ಥಿನಿಲಯ, ಶಾಲೆ, ಪತ್ತಿನ ಸಹಕಾರಿ ಸಂಘ, ವ್ಯಾಪಾರಿಗಳ ಸರಕು ಟೆಂಪೊ, ಮಹಿಳಾ ಸಮಾಜ, ಯುವಕ ಮಂಡಲ ಇವೆಲ್ಲ ಬೇರೆಬೇರೆಯಾಗಿಯೇ ನಡೆಯುತ್ತಿವೆ. ಇವುಗಳನ್ನು ಒಂದೇ ಮೇಜಿಗೆ ತರುವುದೇ ಮೊದಲ ಕೆಲಸ. ಅನ್ಯ ಸಮುದಾಯದ ಕನ್ನಡ ಸಂಘಗಳನ್ನೂ ನೆರೆಯ ಸೊಸೈಟಿಗಳನ್ನೂ ಸೇರಿಸಿಕೊಳ್ಳುವುದು ಅಗತ್ಯ. ಗಾಳಿ ಯಾವ ಜಾತಿಯ ಅಂಗಳದಲ್ಲೂ ನಿಲ್ಲುವುದಿಲ್ಲ.

ಮೊದಲನೆಯದಾಗಿ ಎಣಿಕೆ. ಸಮಾಜದ ಸಂಸ್ಥೆಗಳ ವಾಹನಗಳೆಷ್ಟು, ಅವುಗಳ ವಯಸ್ಸೆಷ್ಟು, ದಿನಕ್ಕೆ ಓಡುವುದೆಷ್ಟು, ರಾತ್ರಿ ನಿಲ್ಲುವುದೆಲ್ಲಿ ಎಂಬ ಒಂದು ಪಟ್ಟಿ ಬೇಕು. ಸಂಸ್ಥೆಗಳು ಒಟ್ಟಾಗಿ ಹತ್ತು ಗಾಡಿ ಕೊಳ್ಳುವಾಗ ಮಾರಾಟಗಾರನೊಂದಿಗೆ ಬೆಲೆಯನ್ನೂ ದುರಸ್ತಿಯನ್ನೂ ಕುರಿತು ಮಾತನಾಡುವ ಬಲ ಬರುತ್ತದೆ.

ಎರಡನೆಯದು ಸೊಸೈಟಿಗಳಿಗೆ ನೆರವು. ಸಮಾಜದಲ್ಲಿ ಎಂಜಿನಿಯರುಗಳೂ ವಕೀಲರೂ ಲೆಕ್ಕಪರಿಶೋಧಕರೂ ಇದ್ದಾರೆ. ಚಾರ್ಜಿಂಗ್ ಕುರಿತ ಒಂದು ಮಾದರಿ ನಿರ್ಣಯ, ಲೋಡಿನ ಲೆಕ್ಕ, ಉಪಮೀಟರ್ ದರದ ಪಟ್ಟಿ ಇವಿಷ್ಟನ್ನು ಸಿದ್ಧಪಡಿಸಿ ಕೊಟ್ಟರೆ ಹತ್ತಾರು ಸಭೆಗಳ ವ್ಯರ್ಥವಾದ ವಾದ ತಪ್ಪುತ್ತದೆ.

ಮೂರನೆಯದು ಚಾಲಕನ ಸಾಲ. ದೆಹಲಿಯ ಪಾಠ ಅತ್ಯಂತ ಹತ್ತಿರವಾಗುವುದು ಇಲ್ಲಿ. ವಿದ್ಯುತ್ ಆಟೋದ ದಿನದ ಖರ್ಚು ಕಡಿಮೆ, ಕೊಳ್ಳುವ ಬೆಲೆ ಹೆಚ್ಚು. ಹಳೆಯ ಬ್ಯಾಟರಿಗೆ ಮುಂದೆ ಬೆಲೆ ಬರುವುದೋ ಇಲ್ಲವೋ ಎಂಬ ಅನುಮಾನದಿಂದ ಸಾಲ ಕೊಡುವವರು ಹೆಚ್ಚಿನ ಬಡ್ಡಿ ಕೇಳುತ್ತಾರೆ. ಮಕ್ಕಳನ್ನು ಪ್ರತಿದಿನ ಶಾಲೆಗೆ ಬಿಡುವ ಆಟೋದವನು, ಅಂಗಡಿಯ ಸರಕು ಹೊರುವ ಟೆಂಪೊದವನು ಸಮಾಜದ ಕುಟುಂಬಗಳಿಗೆ ಅಪರಿಚಿತರಲ್ಲ. ಅವರಿಗೆ ಪತ್ತಿನ ಸಂಘಗಳು ನ್ಯಾಯವಾದ ಬಡ್ಡಿಯಲ್ಲಿ ಸಾಲ ಕೊಟ್ಟು, ವ್ಯಾಪಾರಿಗಳು ನಿಶ್ಚಿತವಾದ ಬಾಡಿಗೆಯ ಭರವಸೆ ಕೊಟ್ಟರೆ, ಹೊಗೆಯೂ ತಗ್ಗುತ್ತದೆ, ಒಂದು ಕುಟುಂಬವೂ ಲೇವಾದೇವಿಗಾರನಿಂದ ಪಾರಾಗುತ್ತದೆ. ದಾನವನ್ನು ಶಿಲಾಫಲಕದ ಮೇಲೆ ಬರೆಸುವ ಅಭ್ಯಾಸಕ್ಕಿಂತ ಈ ಸಾಲ ಕಡಿಮೆ ಪುಣ್ಯದ್ದೆಂದು ಯಾರೂ ಹೇಳಲಾರರು.

ನಾಲ್ಕನೆಯದು ಕಡಿಮೆ ಓಡಾಟ. ಮದುವೆಗೂ ಪಂಚಕಲ್ಯಾಣಕ್ಕೂ ಒಂದೊಂದು ಮನೆಯಿಂದ ಒಂದೊಂದು ಕಾರು ಹೊರಡುವುದು ಈಗ ಪ್ರತಿಷ್ಠೆಯ ಮಾತಾಗಿದೆ. ನಾಲ್ವರಂತೆ ಐವತ್ತು ಜನ ಹೊರಟರೆ ಹದಿಮೂರು ಕಾರು ಬೇಕು. ಒಂದೇ ಬಸ್ಸು ಅಷ್ಟು ಜನರನ್ನೂ ಕರೆದೊಯ್ಯುತ್ತದೆ. ಶ್ರವಣಬೆಳಗೊಳದ ಯಾತ್ರೆಗೆ ರೈಲು ಮತ್ತು ಬಸ್ಸನ್ನು ಜೋಡಿಸಿದ ಸಾಮೂಹಿಕ ವ್ಯವಸ್ಥೆ ಮಾಡಬಹುದು. ಸಭೆ ಸಮಾರಂಭಗಳನ್ನು ಮೆಟ್ರೋ ಅಥವಾ ಲೋಕಲ್ ನಿಲ್ದಾಣದ ಸಮೀಪವೇ ಏರ್ಪಡಿಸಬಹುದು. ಇದಕ್ಕೆ ಯಾವ ತಂತ್ರಜ್ಞಾನವೂ ಬೇಡ, ಯಾವ ಸಹಾಯಧನವೂ ಬೇಡ.

ವಿದ್ಯುತ್ ವಾಹನದ ಬಗ್ಗೆ ಕೇಳಿಬರುವ ಎರಡು ಆಕ್ಷೇಪಗಳಿಗೆ ಪ್ರಾಮಾಣಿಕ ಉತ್ತರ ಸಲ್ಲಬೇಕು. ಭಾರತದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತದೆ ಎಂಬುದು ನಿಜ. ಹೊಗೆ ಮನೆಯ ಬಾಗಿಲಿನಿಂದ ದೂರದ ಸ್ಥಾವರಕ್ಕೆ ಸ್ಥಳಾಂತರವಾಗುತ್ತದೆ, ಅಲ್ಲಿಯೂ ಜನರಿದ್ದಾರೆ. ಬಸದಿಯ, ಶಾಲೆಯ, ಸೊಸೈಟಿಯ ತಾರಸಿಯ ಮೇಲೆ ಸೌರಫಲಕ ಬಂದಷ್ಟೂ ಈ ದೋಷ ತಗ್ಗುತ್ತದೆ. ಬ್ಯಾಟರಿಯ ತ್ಯಾಜ್ಯವೂ ನಿಜ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಕೆದಾರನು ಅದನ್ನು ಗುಜರಿಗೆ ಎಸೆಯದೆ ಹಿಂದಿರುಗಿಸಿದರೆ ಮಾತ್ರ ನಿಯಮಕ್ಕೆ ಅರ್ಥ. ಚಕ್ರದ ಮತ್ತು ರಸ್ತೆಯ ಧೂಳನ್ನು ಯಾವ ಎಂಜಿನ್ನೂ ನಿಲ್ಲಿಸದು. ಆದ್ದರಿಂದ ವಿದ್ಯುತ್ ಕಾರು ಹಳೆಯ ಕಾರಿನ ಸ್ಥಾನಕ್ಕೆ ಬರಬೇಕು. ಮನೆಯ ಮುಂದಿನ ಮೂರನೆಯ ಕಾರಾಗಿ ಬರಬಾರದು.

ಇದು ಕೇವಲ ಯಂತ್ರದ ಮಾತಲ್ಲ. ನೀರನ್ನು ಸೋಸದೆ ಕುಡಿಯಬಾರದೆಂದು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಮನೆಗಳಿವು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಎಚ್ಚರ ಆ ಬಟ್ಟೆಯಲ್ಲಿದೆ. ಗಾಳಿಯನ್ನೇ ಶರೀರವಾಗಿ ಉಳ್ಳ ಜೀವಗಳನ್ನು ಹೇಳಿದ ಧರ್ಮವು, ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವ ಅನರ್ಥದಂಡವ್ರತವನ್ನೂ ಗೃಹಸ್ಥನಿಗೆ ಹೇಳಿತು. ಶಾಲೆಯ ಗೇಟಿನ ಮುಂದೆ ಎಸಿಗಾಗಿ ಅರ್ಧ ಗಂಟೆ ಎಂಜಿನ್ ಓಡಿಸಿ ನಿಲ್ಲುವ ಕಾರು, ಅಲ್ಲಿ ಆಡುವ ಮಕ್ಕಳ ಎದೆಗೆ ಏನನ್ನು ತುಂಬುತ್ತಿದೆ ಎಂದು ಕೇಳಿಕೊಳ್ಳಲು ಬೇರೆ ಗ್ರಂಥ ಬೇಕಿಲ್ಲ.

ಕೊನೆಯದಾಗಿ ರಾಜಕೀಯದ ಹೊಣೆ. ಒಕ್ಕೂಟವು ಸರ್ಕಾರದ ಕೆಲಸವನ್ನು ತಾನೇ ಹೊತ್ತು ಸರ್ಕಾರವನ್ನು ನಿರಾಳಗೊಳಿಸಬಾರದು. ನಗರಸಭೆಯ ಚುನಾವಣೆಯಲ್ಲಿ ಮತ ಕೇಳಲು ಬರುವವರಿಗೆ ಮೂರು ಪ್ರಶ್ನೆಗಳನ್ನು ಇಡಬೇಕು. ಈ ವಾರ್ಡಿಗೆ ಎಷ್ಟು ಬಸ್ಸುಗಳು ಬರುತ್ತವೆ? ನಿಲ್ದಾಣದವರೆಗೆ ನಡೆದು ಹೋಗಲು ಪಾದಚಾರಿ ಮಾರ್ಗವಿದೆಯೇ? ಚಾಲಕರಿಗೆ ಚಾರ್ಜಿಂಗ್ ತಾಣ ಮತ್ತು ಸಾಲದ ವ್ಯವಸ್ಥೆ ಏನು? ಪಕ್ಷ ಯಾವುದಾದರೂ ಪ್ರಶ್ನೆ ಒಂದೇ ಆಗಿರಬೇಕು. ದೆಹಲಿಯಲ್ಲಿ ಪಕ್ಷಕ್ಕೊಂದು ಉತ್ತರವಿತ್ತು. ಅದರಿಂದಲೇ ಸಾಲು ಬೆಳೆಯಿತು.

ಅಂದು ದೆಹಲಿಯಲ್ಲಿ ಗಾಡಿಯನ್ನು ಕೈಯಿಂದ ತಳ್ಳುತ್ತ ಇರುಳು ಕಳೆದವರ ಹೆಸರು ಯಾವ ವರದಿಯಲ್ಲೂ ಇಲ್ಲ. ಅವರು ಕಾದದ್ದರಿಂದ ಆ ನಗರದ ಮಕ್ಕಳಿಗೆ ಕೆಲವು ವರ್ಷ ತುಸು ಹಗುರವಾದ ಗಾಳಿ ದೊರೆಯಿತು. ಮುಂದಿನ ಬದಲಾವಣೆಯಲ್ಲಿ ಅಂಥ ಸಾಲು ಮತ್ತೆ ಹುಟ್ಟದಂತೆ ನೋಡಿಕೊಳ್ಳುವುದೇ ಈ ಸಮಾಜ ಅವರಿಗೆ ತೀರಿಸಬಹುದಾದ ಋಣ. ಮುಂದಿನ ತಿಂಗಳ ಸೊಸೈಟಿ ಸಭೆಯಲ್ಲಿ ಚಾರ್ಜಿಂಗಿನ ವಿಷಯ ಬಂದಾಗ, ಮುಂದೂಡೋಣ ಎಂಬ ಮಾತಿಗೆ ಈ ಸಭೆಯಲ್ಲಿರುವ ಒಬ್ಬರಾದರೂ ಎದ್ದು ನಿಂತು ಲೆಕ್ಕದ ಕಾಗದವನ್ನು ಮೇಜಿನ ಮೇಲಿಟ್ಟರೆ ಆ ಕೆಲಸ ಆರಂಭವಾದಂತೆ.